ಹಸಿಬೇಲಿಯ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವು ಕೋಟೆಕೊತ್ತಲಗಳು, ಶಿಲಾಶಾಸನಗಳು, ಅರಸರ ವಂಶಾವಳಿಗಳು. ಹೊಲದ ಅಂಚಿನಲ್ಲಿ ಮಳೆಗೆ ಚಿಗುರಿ, ಬಿಸಿಲಿಗೆ ಬಾಡಿ, ದನಗಳ ಬಾಯನ್ನೂ ದಾರಿಹೋಕರ ಕಾಲನ್ನೂ ತಡೆಯುತ್ತ ನಿಂತಿರುವ ಬೇಲಿಯನ್ನು ಚರಿತ್ರಕಾರನು ದಾಟಿ ಹೋಗುವನೇ ಹೊರತು ನಿಂತು ನೋಡುವುದು ಅಪರೂಪ. ಆದರೆ ಒಕ್ಕಲಿಗನ ಬೆಳೆಯು ವರ್ಷವರ್ಷವೂ ಉಳಿದುದು ಕೋಟೆಯಿಂದಲ್ಲ, ಬೇಲಿಯಿಂದ. ಆದುದರಿಂದ ಈ ಸಾಮಾನ್ಯ ವಸ್ತುವಿನ ಪೂರ್ವೋತ್ತರಗಳನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ಅಳ್ನಾವರದಿಂದ ಬರುವ ರೈಲುದಾರಿಯು ದಾಂಡೇಲಿಯನ್ನು ಮುಟ್ಟುವ ಎಡೆಯಲ್ಲಿ ಅಂಬೇವಾಡಿಯಿದೆ. ಅಲ್ಲಿಂದ ಹಳಿಯಾಳದ ಬಯಲುಸೀಮೆಯ ಕಡೆಗಾಗಲಿ, ಜೋಯಿಡಾದ ಕಾಡುಸೀಮೆಯ ಕಡೆಗಾಗಲಿ, ಮುಂಡಗೋಡದ ಗದ್ದೆಗಳ ಕಡೆಗಾಗಲಿ ಹೊರಟವನು ಹಾದಿಯ ಎರಡು ಮಗ್ಗುಲಲ್ಲಿಯೂ ಬೇಲಿಯ ಎಲ್ಲ ತರಗಳನ್ನೂ ಕಾಣಬಹುದು. ಗೂಟ ನೆಟ್ಟು ಬಿದಿರುಮುಳ್ಳನ್ನು ಅಡಕಿ ಕಟ್ಟಿದ ಒಣಬೇಲಿಯುಂಟು. ಕಳ್ಳಿ, ಲಕ್ಕಿ, ಕಾಡುಹರಳು, ದಾಸವಾಳಗಳನ್ನು ನೆಟ್ಟು ಬೆಳೆಸಿದ ಹಸಿಬೇಲಿಯುಂಟು. ಕಲ್ಲುಕಂಬಕ್ಕೆ ಬಿಗಿದ ಮುಳ್ಳುತಂತಿಯುಂಟು. ಕಾಡುಹಂದಿ ಮತ್ತು ಆನೆಗಳ ಕಾಟಕ್ಕೆ ಬೇಸತ್ತವರು ಹಾಕಿಸಿದ ವಿದ್ಯುತ್ತಿನ ತಂತಿಯೂ ಉಂಟು. ಈ ನಾಲ್ಕು ತರಗಳಲ್ಲಿ ಹಸಿಬೇಲಿಯೊಂದೇ ಜೀವವುಳ್ಳದ್ದು. ಆ ಕಾರಣದಿಂದಲೇ ಅದಕ್ಕೊಂದು ವಿದ್ಯೆ ಬೇಕು, ಅದಕ್ಕೊಂದು ಚರಿತ್ರೆಯೂ ಇದೆ.

‘ಬೇಲಿ’ ಎಂಬ ಶಬ್ದವು ಅಚ್ಚ ದ್ರಾವಿಡವಾದುದು. ತುಳುವಿನಲ್ಲಿಯೂ ಅದು ಬೇಲಿಯೇ, ತಮಿಳಿನಲ್ಲಿ ‘ವೇಲಿ’. ತಂಜಾವೂರಿನ ಸೀಮೆಯಲ್ಲಿ ಈ ವೇಲಿಯು ನೆಲದ ಅಳತೆಯ ಹೆಸರೂ ಆಗಿ, ಸುಮಾರು ಆರೂವರೆ ಎಕರೆಯಷ್ಟು ಭೂಮಿಗೆ ಒಂದು ವೇಲಿಯೆಂದು ಲೆಕ್ಕ ಹಿಡಿಯುತ್ತಿದ್ದರು. ಸುತ್ತಲಿನ ಬೇಲಿಯ ಹೆಸರು ಒಳಗಿನ ನೆಲಕ್ಕೆ ಬಂದುದನ್ನು ನೋಡಿದರೆ, ಬೇಲಿಯಿಲ್ಲದ ನೆಲವನ್ನು ಸಾಗುವಳಿಯ ನೆಲವೆಂದು ನಮ್ಮ ಪೂರ್ವಿಕರು ಎಣಿಸುತ್ತಿರಲಿಲ್ಲವೆಂದು ತೋರುತ್ತದೆ.

ಧರ್ಮಶಾಸ್ತ್ರಕಾರರೂ ಬೇಲಿಯನ್ನು ಅಲ್ಪವೆಂದು ಬಿಟ್ಟವರಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಊರ ಸುತ್ತಲೂ ದನಗಳಿಗಾಗಿ ಬಯಲು ಬಿಡಬೇಕೆಂದು ಹೇಳಿ, ಆ ಬಯಲಿನ ಮಗ್ಗುಲಲ್ಲಿ ಬೇಲಿಯಿಲ್ಲದ ಹೊಲವನ್ನು ದನಗಳು ಮೇದರೆ ದನಗಾಹಿಗೆ ದಂಡವಿಲ್ಲವೆಂದು ವಿಧಿಸಿದೆ. ಹೊಲದವನು ಹಾಕಬೇಕಾದ ಬೇಲಿಯ ಲಕ್ಷಣವನ್ನೂ ಅಲ್ಲಿಯೇ ಹೇಳಿದೆ: ಒಂಟೆಯು ಮೇಲಿನಿಂದ ಇಣಿಕಿ ನೋಡಲಾಗದಷ್ಟು ಎತ್ತರವಿರಬೇಕು, ನಾಯಿಯಾಗಲಿ ಹಂದಿಯಾಗಲಿ ಮೂತಿಯನ್ನು ತೂರಿಸುವಷ್ಟು ಸಂದು ಎಲ್ಲಿಯೂ ಇರಬಾರದು. ಈ ಎರಡು ನಿಯಮಗಳಲ್ಲಿ ಮೊದಲನೆಯದನ್ನು ಪಾಲಿಸುವುದು ಸುಲಭ. ಗಿಡವು ತಾನಾಗಿಯೇ ಮೇಲಕ್ಕೆ ಬೆಳೆಯುತ್ತದೆ. ಎರಡನೆಯದೇ ಕಷ್ಟ. ಮೇಲೆ ಬೆಳೆದಂತೆಲ್ಲ ಗಿಡವು ಬುಡದಲ್ಲಿ ಬೋಳಾಗುವುದು ಪ್ರಕೃತಿಯ ನಿಯಮ. ಹಸಿಬೇಲಿಯ ವಿದ್ಯೆಯೆಂದರೆ ಬುಡವನ್ನು ಬೋಳಾಗಗೊಡದಿರುವ ವಿದ್ಯೆಯೇ. ಮುಂದೆ ಬರುವ ಸಂಗತಿಗಳಲ್ಲೆಲ್ಲ ಈ ಮಾತನ್ನು ವಾಚಕರು ಮರೆಯದಿರಬೇಕೆಂದು ಬಿನ್ನಹ.

ಈ ವಿದ್ಯೆಯನ್ನು ಉದ್ಯಾನಕಲೆಯಾಗಿ ಬೆಳೆಸಿದವರಲ್ಲಿ ಇಂಗ್ಲೆಂಡದವರು ಪ್ರಸಿದ್ಧರು. ಅವರಲ್ಲಿ ‘ಹಾಲಿ’ ಎಂಬ ಗಿಡವುಂಟು. ಅದು ನಿತ್ಯಹರಿತ, ಎಲೆಯ ಅಂಚಿನಲ್ಲಿ ಮುಳ್ಳು, ಚಳಿಗಾಲದಲ್ಲಿ ಕೆಂಪು ಹಣ್ಣು. ಬೆಳವಣಿಗೆ ನಿಧಾನ, ಆದರೆ ಒಮ್ಮೆ ದಟ್ಟವಾಯಿತೆಂದರೆ ಮನುಷ್ಯನೂ ನುಗ್ಗಲಾರ. ‘ಸಿಲ್ವ’ ಎಂಬ ವೃಕ್ಷಗ್ರಂಥವನ್ನು 1664ರಲ್ಲಿ ಪ್ರಕಟಿಸಿದ ಜಾನ್ ಇವಲಿನ್ ಎಂಬ ವಿದ್ವಾಂಸನು ಡೆಪ್ಟ್‌ಫರ್ಡದಲ್ಲಿದ್ದ ತನ್ನ ತೋಟದಲ್ಲಿ 400 ಅಡಿ ಉದ್ದ, 9 ಅಡಿ ಎತ್ತರ, 5 ಅಡಿ ದಪ್ಪದ ಹಾಲಿಯ ಬೇಲಿಯನ್ನು ಬೆಳೆಸಿ ಅದನ್ನು ತನ್ನ ಐಶ್ವರ್ಯವೆಂದೇ ತಿಳಿದಿದ್ದನು. 1698ರಲ್ಲಿ ಹಡಗು ಕಟ್ಟುವ ಕಲೆಯನ್ನು ಕಲಿಯಲು ಬಂದ ರಷ್ಯಾದ ಪೀಟರ ಚಕ್ರವರ್ತಿಯು ಆ ಮನೆಯಲ್ಲಿ ಬಿಡಾರ ಮಾಡಿ ತೋಟವನ್ನು ಹಾಳುಗೆಡವಿದನು. ಅವನು ಕೈಬಂಡಿಯಲ್ಲಿ ಕುಳಿತು ಬೇಲಿಯೊಳಗೆ ನುಗ್ಗುವ ಆಟ ಆಡುತ್ತಿದ್ದನೆಂಬ ಕಥೆಯೂ ಪ್ರಚಾರದಲ್ಲಿದೆ.

ಹಾಲಿಯ ಇನ್ನೊಂದು ಗುಣವು ನಮ್ಮ ಪ್ರಸ್ತುತ ವಿಷಯಕ್ಕೆ ಬಹಳ ಉಪಯುಕ್ತವಾದುದು. ಅದರ ಕೆಳಗಿನ ಎಲೆಗಳಲ್ಲಿ ಮುಳ್ಳು ಹೆಚ್ಚು. ದನ ಜಿಂಕೆಗಳಿಗೆ ನಿಲುಕದ ಮೇಲಿನ ಎಲೆಗಳು ಬಹುಮಟ್ಟಿಗೆ ನುಣುಪು. ಪ್ರಾಣಿಗಳು ಮೇದ ಗಿಡವು ಮತ್ತೆ ಚಿಗುರುವಾಗ ಹೆಚ್ಚು ಮುಳ್ಳಿನ ಎಲೆಗಳನ್ನೇ ಬಿಡುತ್ತದೆಂಬುದು ಸ್ಪೇನ್ ದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಎಲ್ಲಿ ಆಪತ್ತೋ ಅಲ್ಲಿಯೇ ಆಯುಧವನ್ನಿಡುವುದು ಈ ಗಿಡದ ಜಾಣ್ಮೆ.

ಹಾಲಿಯ ಕುಲಕ್ಕೆ ಸೇರಿದ ಮರಗಳು ನಮ್ಮ ಸಹ್ಯಾದ್ರಿಯ ಕಾಡಿನಲ್ಲಿಯೂ ಇವೆ. ಆದರೆ ಅವು ಬೇಲಿಗೆ ಒದಗುವ ಮುಳ್ಳುಗಿಡಗಳಲ್ಲ. ಆ ಕೆಲಸಕ್ಕೆ ನಮ್ಮಲ್ಲಿರುವ ಗಿಡವೆಂದರೆ ಕವಳಿ. ಇದೂ ನಿತ್ಯಹರಿತ, ಎಲೆ ದಪ್ಪ, ಕೊಂಬೆಕೊಂಬೆಗೂ ಗಟ್ಟಿಮುಳ್ಳು, ಮುರಿದರೆ ಹಾಲು ಬರುವುದರಿಂದ ದನಗಳು ಸುಲಭವಾಗಿ ಬಾಯಿ ಹಾಕುವುದಿಲ್ಲ. ಬೇಸಗೆಯ ಕೊನೆಗೆ ಹಣ್ಣಾಗುತ್ತದೆ. ಕಾಯಿಯು ಉಪ್ಪಿನಕಾಯಿಗೆ ಸಲ್ಲುತ್ತದೆ. ಹಣ್ಣಿನಿಂದ ಬಿಡಿಸಿದ ಬೀಜವನ್ನು ಒಣಗಿಸಿಡದೆ ಆಗಲೇ ಪಾತಿಯಲ್ಲಿ ಊರಿ, ಸಸಿಯನ್ನು ಮುಂದಿನ ಮಳೆಗಾಲದ ಆರಂಭದಲ್ಲಿ ಎರಡು ಸಾಲಾಗಿ, ಒಂದು ಸಾಲಿನ ಗಿಡವು ಇನ್ನೊಂದರ ಸಂದಿಗೆ ಎದುರಾಗುವಂತೆ, ಒಂದೊಂದೂವರೆ ಅಡಿಯ ಅಂತರದಲ್ಲಿ ನೆಡಬೇಕು.

ನೆಟ್ಟ ಮೇಲಿನ ಕೆಲಸವೇ ಮುಖ್ಯವಾದುದು. ಸಸಿಯು ಮೊಳಕಾಲೆತ್ತರ ಬಂದೊಡನೆ ಅದರ ತುದಿಯನ್ನು ಕತ್ತರಿಸಬೇಕು. ಬೆಳೆಯುವ ಗಿಡವನ್ನು ಕತ್ತರಿಸಲು ಹೊಸಬನ ಮನಸ್ಸು ಒಪ್ಪುವುದಿಲ್ಲ. ಬೇಗ ಎತ್ತರವಾಗಲೆಂದು ಬಿಡುತ್ತಾನೆ. ಬೇಲಿಯು ಕೆಡುವುದು ಅಲ್ಲಿಯೇ. ತುದಿಯ ಕುಡಿಯು ಇರುವವರೆಗೂ ಕೆಳಗಿನ ಕಣ್ಣುಗಳು ಮಲಗಿರುತ್ತವೆ. ತುದಿ ಹೋದೊಡನೆ ಅವೆಲ್ಲ ಎಚ್ಚತ್ತು ಮಗ್ಗುಲ ಕೊಂಬೆಗಳಾಗುತ್ತವೆ. ಹೀಗೆ ಪ್ರತಿಸಾರಿಯೂ ಗೇಣಷ್ಟು ಬೆಳೆಯಗೊಟ್ಟು ಅರ್ಧವನ್ನು ಕತ್ತರಿಸುತ್ತ ಹೋದರೆ ಬೇಲಿಯು ನೆಲದಿಂದಲೇ ಹೆಣೆದುಕೊಂಡು ಏಳುತ್ತದೆ. ಇನ್ನೊಂದು ನಿಯಮವೇನೆಂದರೆ, ಬೇಲಿಯ ಬುಡವು ಅಗಲವಾಗಿಯೂ ತಲೆಯು ಕಿರಿದಾಗಿಯೂ ಇರಬೇಕು. ತಲೆಯು ಅಗಲವಾದರೆ ಅದರ ನೆರಳಿನಿಂದ ಬುಡಕ್ಕೆ ಬೆಳಕಿಲ್ಲದಾಗಿ ಕೆಳಗಿನ ಕೊಂಬೆಗಳು ಸಾಯುತ್ತವೆ. ಒಮ್ಮೆ ಬೋಳಾದ ಬುಡವನ್ನು ಮತ್ತೆ ತುಂಬಿಸುವುದು ದುಸ್ತರ. ಹಾಲಿಗೂ ಇದೇ ನಿಯಮ, ಕವಳಿಗೂ ಇದೇ ನಿಯಮ.

ಇನ್ನು ರಾಜಕೀಯ ಚರಿತ್ರೆಯ ಕಡೆಗೆ ಬರೋಣ. ಕನ್ನಡನಾಡಿನ ಊರುಗಳಿಗೆ ದನಗಳ ಸೂರೆಯು ಹಿಂದಿನಿಂದಲೂ ದೊಡ್ಡ ಭಯವಾಗಿತ್ತು. ತುರುಗಾಳಗದಲ್ಲಿ ಮಡಿದ ವೀರರ ಕಲ್ಲುಗಳು ನಾಡಿನ ಉದ್ದಗಲಕ್ಕೂ ನಿಂತಿರುವುದೇ ಇದಕ್ಕೆ ಸಾಕ್ಷಿ. ಸೂರೆಗಾರರ ಕುದುರೆಗಳನ್ನು ತಡೆಯಲು ಮುಳ್ಳಿನ ಬೇಲಿಗಿಂತ ಅಗ್ಗವಾದ ಸಾಧನವಿರಲಿಲ್ಲ. ಇದರ ಅತ್ಯಂತ ದೊಡ್ಡ ರೂಪಗಳನ್ನು ಹೈದರ್ ಮತ್ತು ಟೀಪೂ ಸುಲ್ತಾನರ ಕಾಲದ ಮೈಸೂರು ರಾಜ್ಯದಲ್ಲಿ ಕಾಣುತ್ತೇವೆ. ಬೆಂಗಳೂರು ಪೇಟೆಯ ಸುತ್ತಲೂ ಮಣ್ಣಿನ ಗೋಡೆ ಮತ್ತು ಅಗಳುಗಳ ನಡುವೆ ಸುಮಾರು ನೂರು ಗಜ ಅಗಲದ ಮುಳ್ಳುಗಿಡಗಳ ಪಟ್ಟಿಯಿತ್ತೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸನು ಹೇಳಿದ್ದಾನೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ದಂಡು ಪೇಟೆಯನ್ನು ಹಿಡಿದುದು ಈ ಮುಳ್ಳಿನ ಪಟ್ಟಿಯನ್ನು ಕಡಿದಲ್ಲ; ಹಲಸೂರು ಬಾಗಿಲನ್ನು ಒಡೆದು. ಬೇಲಿಯು ಸೋಲಲಿಲ್ಲ, ಬಾಗಿಲು ಸೋತಿತು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿದ್ದಿತು.

ಶ್ರೀರಂಗಪಟ್ಟಣದ ಬೇಲಿಯು ಇದಕ್ಕಿಂತಲೂ ವಿಸ್ತಾರವಾದುದು. ದ್ವೀಪದ ಎದುರಿಗೆ ಕಾವೇರಿಯ ಎರಡು ದಡಗಳಲ್ಲಿಯೂ ವಿಶಾಲವಾದ ಬಯಲನ್ನು ಮುಳ್ಳುಬೇಲಿಯಿಂದ ಸುತ್ತುವರಿದಿದ್ದರು. ಅದು ರಾಜಧಾನಿಯ ಎಲ್ಲೆಯೂ ಹೌದು. ಶತ್ರುಗಳ ಕುದುರೆದಂಡು ಬಂದಾಗ ಹಳ್ಳಿಗರು ದನಕರುಗಳೊಡನೆ ಓಡಿಬಂದು ಸೇರುವ ಆಶ್ರಯವೂ ಹೌದು. ಆ ಯುದ್ಧದಲ್ಲಿದ್ದು ಅದರ ವೃತ್ತಾಂತವನ್ನು ಬರೆದ ಡೈರಮ್ ಎಂಬ ಅಧಿಕಾರಿಯು ಉತ್ತರದ ದಡದ ಆವರಣವು ಸುಮಾರು ಮೂರು ಮೈಲು ಉದ್ದವಾಗಿಯೂ, ಅರ್ಧ ಮೈಲಿನಿಂದ ಒಂದು ಮೈಲಿನವರೆಗೆ ಅಗಲವಾಗಿಯೂ ಇದ್ದಿತೆಂದು ತಿಳಿಸಿದ್ದಾನೆ. 1792ರ ಫೆಬ್ರವರಿ 6ರ ರಾತ್ರಿ ಮೂರು ತುಕಡಿಗಳು ಬೆಳುದಿಂಗಳಲ್ಲಿ ಈ ಬೇಲಿಯನ್ನು ಹೊಕ್ಕು ಟೀಪೂವಿನ ಪಾಳೆಯದ ಮೇಲೆ ಬಿದ್ದವು. ಕುದುರೆಯ ಧಾಳಿಗಾಗಿ ಬೆಳೆಸಿದ ಬೇಲಿಯು, ರಾತ್ರಿಯಲ್ಲಿ ಕಾಲುನಡಿಗೆಯಿಂದ ಬಂದ ಕವಾಯತಿನ ಸಿಪಾಯಿಗಳನ್ನು ತಡೆಯಲಾರದಾಯಿತು. ಯಾವ ಬೇಲಿಯೂ ತಾನು ಹುಟ್ಟಿದ ಭಯಕ್ಕೆ ಮಾತ್ರ ಉತ್ತರ ಕೊಡಬಲ್ಲದು. ಹೊಸ ಭಯಕ್ಕೆ ಹೊಸ ಉಪಾಯ ಬೇಕು.

ಪ್ರಜೆಗಳ ರಕ್ಷಣೆಗಾಗಿ ಹುಟ್ಟಿದ ಈ ಸಾಧನವನ್ನು ಪ್ರಜೆಗಳ ಪೀಡೆಗಾಗಿ ಬಳಸಿದ ಉದಾಹರಣೆಯೂ ನಮ್ಮ ದೇಶದಲ್ಲುಂಟು. ಉಪ್ಪಿನ ಮೇಲಿನ ಸುಂಕವನ್ನು ತಪ್ಪಿಸಿ ಯಾರೂ ಉಪ್ಪನ್ನು ಸಾಗಿಸದಂತೆ ಇಂಗ್ರೇಜ ಸರಕಾರವು ಸಿಂಧೂನದಿಯ ಕಡೆಯಿಂದ ಮಹಾನದಿಯ ಕಡೆಗೆ ಸುಮಾರು 2500 ಮೈಲು ಉದ್ದದ ಸುಂಕದ ಗಡಿಯನ್ನು ಹಾಕಿ, ಅದನ್ನು ಕಾಯಲು ಹನ್ನೆರಡು ಸಾವಿರದಷ್ಟು ಜನರನ್ನಿಟ್ಟಿತ್ತು. ಮೊದಲು ಒಣಮುಳ್ಳನ್ನು ಅಡಕಿದರು. ಗೆದ್ದಲು, ಬೆಂಕಿ, ಬಿರುಗಾಳಿಗಳಿಂದ ಅದು ವರ್ಷವರ್ಷವೂ ಹಾಳಾಗಲು ಜಾಲಿ, ಕವಳಿ, ಕಳ್ಳಿ ಮೊದಲಾದವುಗಳ ಹಸಿಬೇಲಿಯನ್ನು ಬೆಳೆಸತೊಡಗಿದರು. 1867ರಿಂದ 1870ರವರೆಗೆ ಈ ಇಲಾಖೆಯ ಮುಖ್ಯಸ್ಥನಾಗಿದ್ದು ಹಸಿಬೇಲಿಗೆ ವಿಶೇಷವಾಗಿ ಶ್ರಮಿಸಿದವನು ಏಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಹ್ಯೂಮನೂ ಅವನೇ! 1879ರಲ್ಲಿ ಈ ಗಡಿಯನ್ನು ಎತ್ತಿಹಾಕಿದರು. ನೋಡನೋಡುತ್ತ ಆ ಮಹಾಬೇಲಿಯು ಜನರ ನೆನಪಿನಿಂದಲೂ ಮರೆಯಾಯಿತು. ಬೇಲಿ ಹೋದರೂ ಸುಂಕ ಹೋಗಲಿಲ್ಲ. 1930ರಲ್ಲಿ ನಮ್ಮ ಜಿಲ್ಲೆಯ ಅಂಕೋಲೆಯ ಕಡಲದಡದಲ್ಲಿ ಜನರು ಉಪ್ಪಿನ ಸತ್ಯಾಗ್ರಹ ಮಾಡಬೇಕಾಯಿತು.

‘ಬೇಲಿಯೇ ಎದ್ದು ಹೊಲವನ್ನು ಮೇದಂತೆ’ ಎಂಬ ಗಾದೆಯನ್ನು ನಾವು ಕಾವಲುಗಾರನೇ ಕಳ್ಳನಾದಾಗ ಹೇಳುವುದುಂಟು. ಆದರೆ ಅಕ್ಷರಶಃ ಹೊಲವನ್ನು ಮೇದ ಬೇಲಿಗಳೂ ಚರಿತ್ರೆಯಲ್ಲಿವೆ. ಪಾಪಾಸುಕಳ್ಳಿಯು ಅಮೆರಿಕಾ ಖಂಡದಿಂದ ಬಂದುದು. ಬೇಲಿಗೆಂದು ಇಟ್ಟ ಒಂದೊಂದು ಹಾಳೆಯೂ ಬೇರೂರಿ, ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಹರಡಿ, ದಕ್ಷಿಣದೇಶದ ಎಷ್ಟೋ ಹೊಲಗಳೂ ಗೋಮಾಳಗಳೂ ಅದರ ಪಾಲಾದವು. ಕೊನೆಗೆ ಅದನ್ನೇ ತಿಂದು ಬದುಕುವ ಒಂದು ಬಗೆಯ ಕಿರಮಂಜಿ ಹುಳುವನ್ನು 1926ರಲ್ಲಿ ಸಿಂಹಳದಿಂದ ತಂದು ಬಿಡಲು, ಕೆಲವೇ ವರ್ಷಗಳಲ್ಲಿ ಅದರ ಹಾವಳಿ ಅಡಗಿತು. ಲಂಟಾನದ ಕಥೆಯೂ ಇಂಥದೇ. ಬಣ್ಣಬಣ್ಣದ ಹೂವಿಗಾಗಿ ತೋಟದ ಅಂಚಿನಲ್ಲಿ ನೆಟ್ಟ ಆ ಗಿಡವು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಹರಡುತ್ತ ಬಂದು, ಇಂದು ಕರ್ನಾಟಕದ ಅರಣ್ಯಗಳಲ್ಲಿ ಹುಲ್ಲನ್ನೂ ಎಳೆಯ ಮರಗಳನ್ನೂ ಅಡಗಿಸಿ ಬೆಳೆದಿದೆ. ಇದಕ್ಕೆ ಇನ್ನೂ ಹುಳುವಿನ ಮದ್ದು ಫಲಿಸಿಲ್ಲ. ಸವರುವ ಕೈ ಇರುವವರೆಗೂ ಅದು ಬೇಲಿ. ಕೈ ತಪ್ಪಿದೊಡನೆ ಅದು ಕಾಡು.

ಇನ್ನು ನಮ್ಮ ಸೀಮೆಯ ಮಾತು. ಹಳಿಯಾಳ, ಸೂಪೆ, ಮುಂಡಗೋಡಗಳ ಪ್ರದೇಶವು ಸೋದೆಯ ಅರಸರ ಕೈಯಿಂದ ಹೈದರನ ಕೈಗೂ, 1799ರ ತರುವಾಯ ಇಂಗ್ರೇಜರ ಕೈಗೂ ಬಂದಿತು. 1862ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1878ರ ಅರಣ್ಯ ಕಾಯಿದೆಯ ಮೇಲೆ ಇಲ್ಲಿಯ ಕಾಡಿನ ಬಹುಭಾಗವು ಸರಕಾರದ ಕಾದಿಟ್ಟ ಅರಣ್ಯವಾಯಿತು. ಅದುವರೆಗೆ ಬೇಕೆಂದಾಗ ಮುಳ್ಳು ತಂದು ಬೇಲಿ ಕಟ್ಟುತ್ತಿದ್ದವನು ಆ ಮೇಲೆ ಮುಳ್ಳಿಗೂ ಅಪ್ಪಣೆಯನ್ನು ನೋಡಬೇಕಾಯಿತು. ಒಣಬೇಲಿಯಾದರೋ ಒಂದೆರಡು ಮಳೆಗಾಲಗಳಿಗಿಂತ ಹೆಚ್ಚು ಬಾಳದು. ಅದು ಪ್ರತಿವರ್ಷವೂ ಕಾಡನ್ನು ಬೇಡುತ್ತದೆ. ಹಸಿಬೇಲಿಯುಳ್ಳವನು ಮಾತ್ರ ಈ ಬೇಡಿಕೆಯಿಂದ ಮುಕ್ತನು.

ಈ ಕಾಡಿನ ಮುಖ್ಯ ಸಂಪತ್ತುಗಳಲ್ಲಿ ಬಿದಿರೂ ಒಂದು. ಮೇದಾರರ ಬುಟ್ಟಿ ಮೊರಗಳಿಗೂ, ಒಕ್ಕಲಿಗರ ಮನೆ ಕೊಟ್ಟಿಗೆಗಳಿಗೂ ಅದೇ ಆಧಾರ. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯು ಸ್ಥಾಪಿತವಾಗಿ, ಈ ಬಿದಿರೇ ಅದರ ಮುಖ್ಯ ಕಚ್ಚಾಮಾಲಾಯಿತು. ಅತ್ಯಲ್ಪ ದರದಲ್ಲಿ, ದೀರ್ಘಕಾಲದ ಕರಾರಿನ ಮೇಲೆ ಸರಕಾರವು ಬಿದಿರನ್ನು ಕೊಟ್ಟಿತು. ಎರಡು ದಶಕಗಳು ಕಳೆಯುವುದರೊಳಗೆ ಬಿದಿರು ಕ್ಷೀಣಿಸುತ್ತಿದೆಯೆಂದು ಮೇದಾರರು ಮೊರೆಯಿಟ್ಟರು. ಹಳ್ಳಿಗರ ದನಗಳೂ ಕೈಗಳೂ ಇದಕ್ಕೆ ಕಾರಣವೆಂದು ಒಂದು ಪಕ್ಷ. ಗಿರಣಿಯ ಕಡಿತವೇ ಕಾರಣವೆಂದು ಇನ್ನೊಂದು ಪಕ್ಷ. 1975ರಲ್ಲಿ ಕರ್ನಾಟಕ ಸರಕಾರದ ಕೋರಿಕೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಈ ವಿಷಯದ ವಿಚಾರಣೆಗೆ ತೊಡಗಿ, ತಮ್ಮ ಸಂಗಡಿಗರೊಡನೆ ಉತ್ತರ ಕನ್ನಡದ ಕಾಡುಗಳಲ್ಲಿ ಸುತ್ತಿದರು.

ಅವರು ಕಂಡ ಸಂಗತಿಯು ಬೇಲಿಯ ಚರಿತ್ರೆಗೆ ನೇರವಾಗಿ ಸೇರಿದುದು. ಮುಳ್ಳುಬಿದಿರಿನ ಮೆಳೆಯು ತನ್ನ ಬುಡದ ಸುತ್ತ ಮುಳ್ಳಿನ ಕೊಂಬೆಗಳನ್ನು ಹೆಣೆದು ತಾನೇ ಒಂದು ಬೇಲಿಯನ್ನು ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಏಳುವ ಕಳಲೆಯು ಬಹಳ ಮೆತ್ತಗೂ ರುಚಿಯಾಗಿಯೂ ಇರುವುದರಿಂದ ದನ, ಹಂದಿ, ಮುಳ್ಳುಹಂದಿ, ಮುಸುವ, ಮನುಷ್ಯ ಎಲ್ಲರಿಗೂ ಅದರ ಮೇಲೆ ಕಣ್ಣು. ಮುಳ್ಳಿನ ಬೇಲಿಯ ಮರೆಯಲ್ಲಿ ಮಾತ್ರ ಅದು ಬೆಳೆದು ಬಿದಿರಾಗಬಲ್ಲದು. ಗಿರಣಿಯ ಕಡಿತಗಾರರು ಬಿದಿರನ್ನು ಬುಡಕ್ಕೆ ಕಡಿಯಲು ಅನುಕೂಲವಾಗಲೆಂದು ಮೊದಲು ಈ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಮೆಳೆಯನ್ನು ಹೀಗೆ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುವುದೆಂದು ಅರಣ್ಯಶಾಸ್ತ್ರವೂ ನಂಬಿತ್ತು. ಆದುದು ಮಾತ್ರ ಇದಕ್ಕೆ ವಿರುದ್ಧ. ಚೊಕ್ಕಟವಾದ ಮೆಳೆಯ ಕಳಲೆಗಳನ್ನು ಪ್ರಾಣಿಗಳು ಮೇದುಬಿಟ್ಟವು, ಮೆಳೆಗಳು ಬಡವಾದವು. ಹಳ್ಳಿಗರಾದರೋ ಮನೆಗೆ ಬಿದಿರು ಬೇಕಾದಾಗ ಮುಳ್ಳಿನ ಹೊದಿಕೆಯನ್ನು ಮುಟ್ಟದೆ, ಆಳೆತ್ತರದ ಮೇಲೆಯೇ ಕಡಿದು ಒಯ್ಯುತ್ತಿದ್ದರು. ಮುಳ್ಳನ್ನು ತೆಗೆಯುವುದು ತಪ್ಪೆಂದು ವಿಜ್ಞಾನಿಗಳಿಗೆ ಮೊದಲು ತಿಳಿಸಿದವರೂ ಅವರೇ. ಕಾಡಿನಲ್ಲಿ ಇದೆಯೆಂದು ಕಾಗದದ ಮೇಲೆ ಬರೆದ ಬಿದಿರಿನ ಲೆಕ್ಕವು ನಿಜಕ್ಕಿಂತ ಹಲವು ಮಡಿ ಹೆಚ್ಚೆಂಬುದೂ ಈ ವಿಚಾರಣೆಯಿಂದ ಹೊರಬಿದ್ದಿತು.

ಇಲ್ಲಿ ಯಾರನ್ನಾದರೂ ದೂಷಿಸುವುದು ನಮ್ಮ ಉದ್ದೇಶವಲ್ಲ. ಗಿರಣಿಯಿಂದ ಸಹಸ್ರಾರು ಕುಟುಂಬಗಳಿಗೆ ಅನ್ನ ದೊರೆತುದೂ ಸತ್ಯ. ಅಕ್ಷರಜ್ಞರಾದ ನಾವು ನೀವೆಲ್ಲರೂ ಆ ಕಾಗದದ ಋಣಿಗಳೆಂಬುದೂ ಸತ್ಯ. ವಿಚಾರ ಮಾಡಬೇಕಾದುದು ಬೇರೊಂದು. ಕತ್ತಿಯು ಎರಡೂ ಕಡೆಯಲ್ಲಿತ್ತು. ಹಳ್ಳಿಗನೂ ಕಡಿದನು, ಗಿರಣಿಯವನೂ ಕಡಿದನು. ಆದರೆ ಬುಡದಲ್ಲಿ ಕಡಿಯಬೇಕೋ ಮೇಲೆ ಕಡಿಯಬೇಕೋ ಎಂಬ ಅರಿವು ಒಬ್ಬನಲ್ಲಿ ಮಾತ್ರ ಇತ್ತು. ಆ ಅರಿವು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲವಾದುದರಿಂದ ಅದನ್ನು ಅರಿವೆಂದು ಎಣಿಸಿದವರಿಲ್ಲ. ಹಾಲಿಯು ತನ್ನ ಮುಳ್ಳನ್ನು ಕೆಳಗಿನ ಎಲೆಯಲ್ಲಿಟ್ಟಿರುವುದೂ, ಮನುವು ಹಂದಿಯ ಮೂತಿಯನ್ನು ಎಚ್ಚರಿಸಿ ಹೇಳಿದುದೂ, ಬಿದಿರು ತನ್ನ ಬುಡಕ್ಕೆ ಮುಳ್ಳನ್ನು ಸುತ್ತಿಕೊಂಡಿರುವುದೂ ಒಂದೇ ಮಾತನ್ನು ಸಾರುತ್ತಿವೆಯಲ್ಲವೇ?

ಕಾಳೀನದಿಗೆ ಕಟ್ಟಿದ ಆಣೆಕಟ್ಟಿನಿಂದ 1980ರ ದಶಕದಲ್ಲಿ ಹಳೆಯ ಸೂಪೆಯು ಮನೆ, ತೋಟ, ಬೇಲಿಗಳೊಡನೆ ನೀರೊಳಗಾಯಿತು. ತಾಲೂಕಿನ ಠಾಣೆಯು ಜೋಯಿಡಾಕ್ಕೆ ಬಂದಿತು. ಉಳಿದ ಹಳ್ಳಿಗಳಲ್ಲಿಯೂ ಹಸಿಬೇಲಿಗಳು ಕಡಿಮೆಯಾಗುತ್ತಿವೆ. ತಂತಿಯನ್ನು ಒಂದು ದಿನದಲ್ಲಿ ಬಿಗಿಯಬಹುದು. ಕವಳಿಯ ಬೇಲಿಗೆ ಐದಾರು ವರ್ಷಗಳ ತಾಳ್ಮೆ ಬೇಕು. ವರ್ಷಕ್ಕೆ ಎರಡು ಸಾರಿ ಸವರುವ ಆಳೂ ಬೇಕು. ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಆ ಆಳನ್ನು ಎಲ್ಲಿಂದ ತರುವುದು? ಇದು ಸೋಮಾರಿತನದ ಮಾತಲ್ಲ, ನಿಜವಾದ ಅಡಚಣೆ. ಭತ್ತವು ತೆನೆಬಿಡುವ ಹೊತ್ತಿಗೆ ಬರುವ ಆನೆಯ ಹಿಂಡನ್ನು ಯಾವ ಕವಳಿಯೂ ತಡೆಯಲಾರದೆಂಬುದನ್ನೂ ಒಪ್ಪಲೇಬೇಕು. ಅದಕ್ಕೆ ಸೂರ್ಯಶಕ್ತಿಯ ತಂತಿಯು, ನಿಯಮಕ್ಕೆ ಅನುಸಾರವಾಗಿ ಹಾಕಿದರೆ, ಕೇವಲ ಬೆದರಿಸಿ ಕಳಿಸುವ ಉಪಾಯವಾಗಿದೆ. ಆದರೆ ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವವರುಂಟು. ಆ ಬೇಲಿಯು ಆನೆಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಹೋದ ಮನೆಯ ಮಗನನ್ನೂ ಕೊಲ್ಲುತ್ತದೆ. ತಡೆಯುವುದು ಬೇಲಿಯ ಧರ್ಮ, ಕೊಲ್ಲುವುದಲ್ಲ.

ಆದಕಾರಣ ನಮ್ಮ ಬಿನ್ನಹವಿಷ್ಟೇ. ಹೊಲಕ್ಕೆ ತಂತಿಯೇ ಅನಿವಾರ್ಯವಾದರೆ ಆಗಲಿ. ಹಿತ್ತಿಲಿಗೂ ಅಂಗಳಕ್ಕೂ ಆದರೂ ಹತ್ತು ಮಾರು ಹಸಿಬೇಲಿಯಿರಲಿ. ಅದರಲ್ಲಿ ಹಕ್ಕಿಯು ಗೂಡು ಕಟ್ಟುತ್ತದೆ, ಓತಿಯು ಹುಳುಗಳನ್ನು ಹಿಡಿಯುತ್ತದೆ, ಮಳೆಯ ನೀರು ಮಣ್ಣನ್ನು ಒಯ್ಯದೆ ನಿಲ್ಲುತ್ತದೆ, ಬೇಸಗೆಯಲ್ಲಿ ಮಕ್ಕಳಿಗೆ ನಾಲ್ಕು ಕವಳಿಹಣ್ಣು ದೊರೆಯುತ್ತವೆ. ಮೇಲಾಗಿ, ಕತ್ತಿಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಹಿರಿಯರು ಕಿರಿಯರಿಗೆ ಕೈಹಿಡಿದು ತೋರಿಸಲು ಅಷ್ಟೊಂದು ಜಾಗವಾದರೂ ಉಳಿಯುತ್ತದೆ. ಕವಳಿಯ ಹಣ್ಣು ಕಪ್ಪಾಗುವ ಕಾಲಕ್ಕೆ ಮಳೆಯೂ ಸಮೀಪಿಸುತ್ತದೆ. ಬೀಜವನ್ನು ಊರಲು ಅದೇ ಸುಸಮಯ.